ಡೀಸೆಂಟ್ ಎಂದರೆ ಎಷ್ಟು ಪವನು?

"ನಮಗೆ ಏನೂ ಬೇಡ. ಮದುವೆಯೊಂದು ಡೀಸೆಂಟಾಗಿ ಮಾಡಿಕೊಟ್ಟರೆ ಸಾಕು."

ಗೆಳತಿಯರೇ, ಈ ಮಾತು ಕಿವಿಗೆ ಬೀಳದ ಹೆಣ್ಣು ಹೆತ್ತವರು ನಮ್ಮೂರಿನಲ್ಲಿ ಯಾರಿದ್ದಾರೆ? ಕೊಟ್ಟಾರದ ಒಂದೇ ಓಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕೇಳಿಸುತ್ತವೆ. ಮದುವೆ ಮಾತುಕತೆಗೆ ಕುಳಿತಾಗ ನಾಲ್ಕರಲ್ಲೂ ಚೂರೂ ಬದಲಾಗದೆ ಬರುವ ಪದ ಈ ಡೀಸೆಂಟ್. ವರದಕ್ಷಿಣೆ ಎಂಬ ಪದವನ್ನು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಅಸಹ್ಯ, ಕಾನೂನಿಗೆ ವಿರುದ್ಧ, ಓದುಬರಹವಿಲ್ಲದವರು ಮಾಡುವ ಕೆಲಸ. ನಮ್ಮದೇನಿದ್ದರೂ ಡೀಸೆಂಟ್ ಮದುವೆ!

ಕಾಲೇಜಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಆದ್ದರಿಂದ ಮೊದಲು ಈ ಗುಣವಾಚಕದ ಲೆಕ್ಕ ಚುಕ್ತಾ ಮಾಡುತ್ತೇನೆ. ಲ್ಯಾಟಿನ್ ಭಾಷೆಯಲ್ಲಿ 'ತಕ್ಕದ್ದಾಗಿರುವುದು, ಒಪ್ಪುವುದು' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಪದ ಇದು. ಇಂಗ್ಲಿಷಿನಲ್ಲಿ ಬಟ್ಟೆಗೆ ಹೇಳಿದರೆ ಮೈಮುಚ್ಚುವಷ್ಟು ಎಂದರ್ಥ. ಮನುಷ್ಯನಿಗೆ ಹೇಳಿದರೆ ಒಳ್ಳೆಯವನು, ಇನ್ನೊಬ್ಬರ ಕಷ್ಟದ ಲಾಭ ಪಡೆಯದವನು ಎಂದರ್ಥ. ಸಂಬಳಕ್ಕೆ ಹೇಳಿದರೆ ಬದುಕಲು ಸಾಕಾಗುವಷ್ಟು ಎಂದರ್ಥ. 1999ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ನ್ಯಾಯವಾದ ಕೂಲಿ, ಸುರಕ್ಷತೆ, ಘನತೆ ಇರುವ ದುಡಿಮೆ ಎಲ್ಲ ಹೆಣ್ಣು ಗಂಡಿಗೂ ಸಿಗಬೇಕೆಂದು ಗುರಿ ಇಟ್ಟುಕೊಂಡಿತು. ಆ ದುಡಿಮೆಗೆ ಅದು ಕೊಟ್ಟ ವಿಶೇಷಣವೂ ಡೀಸೆಂಟ್ ಎಂಬುದೇ. ಬೀಡಿ ಕಟ್ಟುವ, ಗೇರುಬೀಜದ ಕಾರ್ಖಾನೆಯಲ್ಲಿ ನಿಂತು ದುಡಿಯುವ ನಮ್ಮ ಹೆಂಗಸರ ಹಕ್ಕನ್ನು ಹೇಳುವ ಪದ ಅದು! ಅದ್ದೂರಿ ಎಂಬ ಅರ್ಥ ಈ ಯಾವುದರಲ್ಲೂ ಇಲ್ಲ. ಬಂಗಾರ ಎಂಬ ಅರ್ಥವಂತೂ ಮೊದಲೇ ಇಲ್ಲ.

ಹಾಗಾದರೆ ಆ ಅರ್ಥ ಎಲ್ಲಿಂದ ಬಂತು? ನಾವೇ ಹುಟ್ಟಿಸಿದ್ದು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. 1986ರ ತಿದ್ದುಪಡಿಯಲ್ಲಿ 4ಎ ಕಲಂ ಸೇರಿಸಿ, ಮಗ ಅಥವಾ ಮಗಳ ಮದುವೆಗೆ ಪ್ರತಿಫಲವಾಗಿ ಹಣ, ಆಸ್ತಿ ಕೊಡುತ್ತೇವೆಂದು ಪತ್ರಿಕೆಯಲ್ಲಿ ಜಾಹೀರಾತು ಹಾಕುವುದನ್ನೂ ಅಪರಾಧವಾಗಿಸಿದರು. ಡೀಸೆಂಟ್ ಮ್ಯಾರೇಜ್ ಎಂಬ ಎರಡು ಪದಗಳಿಗೆ ಮಾತ್ರ ಯಾವ ಕಲಮೂ ತಾಗಲಿಲ್ಲ. ಇಂಗ್ಲಿಷ್ ಪತ್ರಿಕೆಗಳ ವಧೂವರರ ಅಂಕಣಗಳಲ್ಲಿ ಅವು ರಾಜಾರೋಷವಾಗಿ ಅಚ್ಚಾದವು. ಕೊಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಪೊಲೀಸರಿಗೆ ಮಾತ್ರ ಗೊತ್ತಿಲ್ಲ.

ಈ ಪದದ ಕಪಟ ಇರುವುದು ಅದರಲ್ಲಿ ಅಂಕಿ ಇಲ್ಲದಿರುವುದರಲ್ಲಿ. ನೇರವಾಗಿ ಇಷ್ಟು ಲಕ್ಷ ಎಂದು ಕೇಳಿದವನ ಹತ್ತಿರ ಚೌಕಾಸಿ ಮಾಡಬಹುದು, ಬೈದು ಎದ್ದು ಬರಬಹುದು. ಡೀಸೆಂಟ್ ಎಂದವನ ಹತ್ತಿರ ಏನು ಮಾಡುತ್ತೀರಿ? ಅವನು ಕೇಳಿಯೇ ಇಲ್ಲವಲ್ಲ! ಮೊತ್ತವನ್ನು ಹೆಣ್ಣಿನ ಅಪ್ಪ ಅಮ್ಮನೇ ರಾತ್ರಿ ನಿದ್ದೆಗೆಟ್ಟು ಊಹಿಸಬೇಕು. ಎಸಿ ಹಾಲ್, ಎರಡು ಬಗೆಯ ಮೀನು, ಐಸ್‌ಕ್ರೀಮು, ಮುಂಚಿನ ದಿನದ ಮೆಹಂದಿಗೆ ಬೇರೆ ಊಟ, ಆಕಾಶದಿಂದ ಚಿತ್ರ ತೆಗೆಯಲು ಡ್ರೋನು. ಆಮೇಲೆ ಬಂಗಾರ. 25 ಪವನು ಎಂದು ನಾಲಿಗೆ ಸುಲಭವಾಗಿ ಹೇಳಿಬಿಡುತ್ತದೆ. ಪವನಿಗೆ 8 ಗ್ರಾಮಿನಂತೆ ಅದು 200 ಗ್ರಾಂ. 2025ರಲ್ಲಿ ಚಿನ್ನ ಗ್ರಾಮಿಗೆ 10,000 ರೂಪಾಯಿ ದಾಟಿತು. ಗುಣಿಸಿ ನೋಡಿ, 20 ಲಕ್ಷದ ಮೇಲಾಯಿತು. "ನಾವು ಕೇಳಲಿಲ್ಲ, ಅವರ ಮಗಳಿಗೆ ಅವರು ಹಾಕಿದರು" ಎಂದು ಗಂಡಿನವರು ಕೈತೊಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಆಗುತ್ತಿರುವುದು ಅಳಿಯಕಟ್ಟಿನ ನಾಡಿನಲ್ಲಿ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಇಲ್ಲಿನ ಎಷ್ಟೋ ಸಮುದಾಯಗಳಲ್ಲಿ ಕುಟುಂಬ, ಆಸ್ತಿ ಎರಡೂ ಹೆಣ್ಣಿನ ಮೂಲಕವೇ ಹರಿದುಬಂದವು. ಬಳಿ ಇಂದಿಗೂ ತಾಯಿಯದೇ. ಅಂಥ ಮನೆಗಳೂ ಈಗ ಮಗಳನ್ನು ಕಳಿಸಿಕೊಡಲು ಸಾಲದ ಅರ್ಜಿ ತುಂಬುತ್ತಿವೆ.

ಅಂಕಿ ಇಲ್ಲದ ಬೇಡಿಕೆ ತೀರುವುದೂ ಇಲ್ಲ. ಮದುವೆಯಾಗಿ ಮೂರು ತಿಂಗಳಿಗೆ, "ನಿನ್ನ ಅಪ್ಪ ಸ್ವಲ್ಪ ಡೀಸೆಂಟಾಗಿ ಮಾಡಬಹುದಿತ್ತು" ಎಂದು ಅತ್ತೆ ಅಡಿಗೆಮನೆಯಲ್ಲಿ ಹೇಳುತ್ತಾಳೆ. ಗಂಡನ ಕೈ ಮೇಲೇಳುವುದು ಆ ಬಳಿಕ. ಪೆಟ್ಟು ತಿಂದ ಹುಡುಗಿ ತವರಿಗೆ ಬಂದರೆ ಅಲ್ಲಿ ಅದೇ ಪದ ಬಾಗಿಲಿಗೆ ಅಡ್ಡ ನಿಂತಿರುತ್ತದೆ: "ನಾವು ಡೀಸೆಂಟ್ ಜನ, ಸ್ಟೇಷನ್ನಿನ ಮೆಟ್ಟಿಲು ಹತ್ತುವವರಲ್ಲ." ಹಣ ಕೇಳುವುದಕ್ಕೂ ಈ ಪದವೇ, ಬಾಯಿ ಮುಚ್ಚಿಸುವುದಕ್ಕೂ ಈ ಪದವೇ. ಹೊಡೆದವನ ಮರ್ಯಾದೆಗೆ ಕುಂದಿಲ್ಲ, ಹೊಡೆತ ತಿಂದೆನೆಂದು ಹೇಳಿದವಳು ಮಾತ್ರ ಡೀಸೆಂಟ್ ಅಲ್ಲದವಳು! ಯಾವ ನಿಘಂಟಿನ ಅರ್ಥವಿದು? ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಆ ಮನೆಗಳಲ್ಲಿ ಎಷ್ಟು ಮನೆಯವರು ಮಾತುಕತೆಯ ದಿನ 'ನಮಗೆ ಏನೂ ಬೇಡ' ಎಂದಿರಲಿಕ್ಕಿಲ್ಲ?

ಇನ್ನು ನಮ್ಮದೇ ಅಂಗಳದ ಮಾತು. ಸ್ವಸಹಾಯ ಸಂಘದ ಸಾಲದ ಪುಸ್ತಕದಲ್ಲಿ ವರದಕ್ಷಿಣೆ ಎಂಬ ಕಾಲಂ ಇಲ್ಲ. 'ಮನೆ ರಿಪೇರಿ' ಎಂಬ ಕಾಲಂ ಇದೆ. ಕೊಟ್ಟಾರ ಚೌಕಿಯ ಆಸುಪಾಸಿನಲ್ಲಿ ಮಳೆಗಾಲಕ್ಕೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತಿರುವುದರಿಂದ ರಿಪೇರಿ ಎಂದರೆ ಎರಡನೇ ಪ್ರಶ್ನೆ ಏಳುವುದಿಲ್ಲ. ಒಬ್ಬ ಬೀಡಿ ಕಟ್ಟುವ ತಾಯಿ ಹೀಗೆ ಸಾಲ ಪಡೆದು ಮಗಳ ಮದುವೆಯ ಹಾಲಿಗೆ ಮುಂಗಡ ಕೊಟ್ಟಳು. ಸಭೆಯಲ್ಲಿ ಕುಳಿತಿದ್ದ ಅರ್ಧ ಜನರಿಗೆ ವಿಷಯ ತಿಳಿದಿತ್ತು. ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದಾಗ ಬಂದ ಉತ್ತರ, "ಪಾಪ, ಡೀಸೆಂಟಾಗಿ ಮಾಡಬೇಡವಾ ಟೀಚರೇ?" ಆಕೆಯನ್ನು ನಾನು ದೂರುವುದಿಲ್ಲ. ಹತ್ತು ಹದಿನೈದು ಹೆಂಗಸರು ವಾರವಾರ ಉಳಿಸಿದ ದುಡ್ಡು ಗಂಡಿನವರ ಒಂದು ಗುಣವಾಚಕಕ್ಕೆ ಕರಗಿಹೋದಾಗ ಪ್ರಶ್ನೆ ಕೇಳದ ಸಂಘವನ್ನು ದೂರುತ್ತೇನೆ.

ಕೇಳಬೇಕಾದ್ದು ಒಂದೇ ಪ್ರಶ್ನೆ: ಡೀಸೆಂಟ್ ಎಂದರೆ ಎಷ್ಟು? ಮಾತುಕತೆಗೆ ಹೋಗುವಾಗ ಸಂಘದ ಇಬ್ಬರು ಜೊತೆಗೆ ಹೋಗಿ. ಆ ಪದ ಬಂದೊಡನೆ, "ಬಿಡಿಸಿ ಹೇಳಿ, ಬರೆದುಕೊಳ್ಳುತ್ತೇವೆ" ಎನ್ನಿ. ಪುಸ್ತಕ, ಪೆನ್ನು ಹೊರತೆಗೆಯಿರಿ. ಅಂಕಿ ಬಾಯಿಂದ ಹೊರಬಿದ್ದರೆ ಅದು ವರದಕ್ಷಿಣೆ. ಬೀಳದಿದ್ದರೆ ದೇವಸ್ಥಾನದಲ್ಲೋ ಚರ್ಚಿನಲ್ಲೋ ಮನೆಯಂಗಳದಲ್ಲೋ ಮದುವೆ ಮಾಡಿ ಪಾಯಸದ ಊಟ ಹಾಕಿ, ಪದದ ಅರ್ಥಕ್ಕೆ ಅಷ್ಟು ಸಾಕು. ಸಂಬಂಧ ತಪ್ಪಿಹೋಗುತ್ತದೆ ಎನ್ನುತ್ತೀರಾ? ಈ ಪ್ರಶ್ನೆಗೆ ತಪ್ಪಿಹೋಗುವ ಸಂಬಂಧ ಆಮೇಲೆ ಹುಡುಗಿಯ ಮೈಮೇಲೆ ಬರೆ ಎಳೆಯುವಂಥದ್ದೇ.

ಕಾನೂನು ಈ ಜಾಣತನವನ್ನು ಕಾಣದಷ್ಟು ಕುರುಡಲ್ಲ. ನಾಲ್ಕನೇ ಕಲಮಿನಲ್ಲಿ 'ನೇರವಾಗಿ ಅಥವಾ ಪರೋಕ್ಷವಾಗಿ' ಕೇಳುವುದು ಎಂದೇ ಇದೆ. ಮನೆ ಕಟ್ಟಲು ತವರಿನಿಂದ ತರಿಸಿದ ಹಣ ವರದಕ್ಷಿಣೆಯಲ್ಲ ಎಂಬ ವಾದವನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ವರದಕ್ಷಿಣೆಗಾಗಿ ಪೀಡಿಸುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಒಳಗೂ ಬರುತ್ತದೆ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿ ಇಡಬೇಕೆಂಬ ನಿಯಮ 1985ರಿಂದ ಇದೆ. ನಮ್ಮೂರಿನ ಎಷ್ಟು ಮದುವೆಗಳಲ್ಲಿ ಅದನ್ನು ಮಾಡಿದ್ದಾರೆ? ನಾನಂತೂ ಕಂಡಿಲ್ಲ.

ಕೊಡುವುದೂ ಅಪರಾಧವಲ್ಲವೇ, ದೂರು ಕೊಟ್ಟರೆ ನಮ್ಮನ್ನೇ ಹಿಡಿಯುತ್ತಾರಲ್ಲ ಎಂದು ತಾಯಂದಿರು ಹೆದರುತ್ತಾರೆ. ಹೆದರಬೇಡಿ. ಅದೇ ಕಾಯಿದೆಯ ಏಳನೇ ಕಲಮಿನ ಮೂರನೇ ಉಪಕಲಂ ಪ್ರಕಾರ, ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಆ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಸಾಲದ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಳ್ಳಿ.