ಆಸ್ಪತ್ರೆ ಬರುವವರೆಗೆ ಬಿಪಿ ಕಾಯುವುದಿಲ್ಲ

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದತ್ತ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿತು. ನಾಲ್ವರು ಸತ್ತರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆಮೇಲೆ ಇಡೀ ಜಿಲ್ಲೆಯದಾಯಿತು. ದೊಡ್ಡ ಆಸ್ಪತ್ರೆಯಿರುವ ಮಣಿಪಾಲಕ್ಕೆ ಭಟ್ಕಳದಿಂದ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150. ಎದೆನೋವು ಬಂದವರಿಗೆ ಈ ದಾರಿ ತೀರಾ ಉದ್ದ. ಬೇಡಿಕೆ ನ್ಯಾಯವಾದದ್ದು, ಅದು ಎಳ್ಳಷ್ಟೂ ಸಡಿಲಬಾರದು. ಆದರೆ ಆಂಬುಲೆನ್ಸ್ ಹತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ಮೈಯೊಳಗೆ ಶುರುವಾಗುವ ಅಧಿಕ ರಕ್ತದೊತ್ತಡದ ಬಗ್ಗೆಯೂ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಅಷ್ಟೇ ಗಟ್ಟಿ ದನಿ ಏಳಬೇಕು.

ಮುಸ್ಸಂಜೆ ತೋಟದ ದಾರಿಯಲ್ಲಿ ಹಾವು ಅಡ್ಡ ಬಂದರೆ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಇದು ಸಿಂಪಥೆಟಿಕ್ ನರವ್ಯೂಹದ ಕೆಲಸ. ನರದ ತುದಿಗಳು ನಾರ್‌ಅಡ್ರಿನಲಿನ್ ಬಿಡುತ್ತವೆ, ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಯುತ್ತದೆ. ಹೃದಯ ಬಿರುಸಾಗುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಹಾವು ಸರಿದ ಮೇಲೆ ಎಲ್ಲ ತಣ್ಣಗಾಗಬೇಕು. ಎಷ್ಟೋ ಜನರಲ್ಲಿ ಆಗುವುದೇ ಇಲ್ಲ. ಬೊಜ್ಜು, ನಿದ್ದೆಗೇಡು, ನಡುನಡುವೆ ಉಸಿರು ಕಟ್ಟುವ ಗೊರಕೆ, ತೀರದ ಚಿಂತೆ ಈ ನರಗಳನ್ನು ಹಗಲೂ ರಾತ್ರಿ ಕೆರಳಿಸಿಯೇ ಇಡುತ್ತವೆ. ಈ ನರಗಳು ಮೂತ್ರಪಿಂಡಕ್ಕೂ ಹೋಗಿ, ಅಲ್ಲಿಂದ ರೆನಿನ್ ಎಂಬ ರಾಸಾಯನಿಕ ಹೊರಡಿಸಿ, ಉಪ್ಪು, ನೀರನ್ನು ಮೈಯಲ್ಲೇ ಉಳಿಸುತ್ತವೆ. ಒತ್ತಡ ಏರುತ್ತದೆ, ವರ್ಷಗಳು ಕಳೆದಂತೆ ಹೃದಯದ ಗೋಡೆ ದಪ್ಪವಾಗುತ್ತದೆ.

ನೋವು ಮಾತ್ರ ಇರುವುದಿಲ್ಲ. ಜಗತ್ತಿನಲ್ಲಿ ಅಧಿಕ ರಕ್ತದೊತ್ತಡವಿರುವ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಗೊತ್ತೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈ ನರಗಳನ್ನು ತಣಿಸಿದ ಮೊದಮೊದಲ ಮದ್ದುಗಳಲ್ಲೊಂದು ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನದು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಗುಣವನ್ನು ಜಗತ್ತಿಗೆ ತಿಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. ಅದು ನರತುದಿಯ ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಬರಿದುಮಾಡುತ್ತದೆ. (ಬೇರನ್ನು ಮನೆಯಲ್ಲಿ ತೇದು ಕುಡಿಯುವುದು ಅಪಾಯ, ಅಳತೆ ತಪ್ಪಿದರೆ ಒತ್ತಡ ಕುಸಿಯುತ್ತದೆ.) ಆಮೇಲೆ ಅಡ್ರಿನಲಿನ್ ಹೃದಯವನ್ನು ಕೆರಳಿಸದಂತೆ ತಡೆಯುವ ಬೀಟಾ ಬ್ಲಾಕರ್ ಬಂತು. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರ ನೊಬೆಲ್ ಹಂಚಿಕೊಂಡರು. ಸೋತ ಹೃದಯಕ್ಕೆ ಇಂಥ ಮಾತ್ರೆ ಕೊಟ್ಟಾಗ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು 1999ರ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು.

ಇಂಥ ಮಾತ್ರೆಯನ್ನೇ ಎಷ್ಟೋ ಮನೆಗಳಲ್ಲಿ 'ಬಿಪಿ ನಾರ್ಮಲ್ ಬಂತು' ಎಂದು ಬಿಟ್ಟುಬಿಡುತ್ತಾರೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಬೀಟಾ ಬ್ಲಾಕರನ್ನಾಗಲಿ ಕ್ಲೊನಿಡಿನ್ ಎಂಬ ಇನ್ನೊಂದು ಬಿಪಿ ಮಾತ್ರೆಯನ್ನಾಗಲಿ ತಟ್ಟನೆ ನಿಲ್ಲಿಸಿದರೆ ಅದುಮಿಟ್ಟ ನರಗಳು ಒಮ್ಮೆಲೇ ಸಿಡಿದೇಳುತ್ತವೆ, ಹೃದಯಾಘಾತವೂ ಆದೀತು. ದೋಣಿ ಏರುವ ಮೀನುಗಾರರು, ಗಲ್ಫಿಗೆ ಹೊರಡುವ ಭಟ್ಕಳದವರು ಬಟ್ಟೆಗೆ ಮೊದಲು ಮಾತ್ರೆ ಕಟ್ಟಿಕೊಳ್ಳಬೇಕು.

ತಂಬಾಕು ಹಾಕಿದ ಕವಳದ ವಿಷಯ ಮುಲಾಜಿಲ್ಲದೆ ಹೇಳಬೇಕಾದದ್ದು. ನಿಕೋಟಿನ್ ಈ ನರಗಳನ್ನು ನೇರವಾಗಿ ಬಡಿದೆಬ್ಬಿಸುತ್ತದೆ. ದಿನವಿಡೀ ಕವಳ ಹಾಕುವವರ ಹೃದಯಕ್ಕೆ ಬಿಡುವೇ ಇಲ್ಲ. ಇನ್ನು ಉಪ್ಪಿನ ಮಾತು. ಸಾಣಿಕಟ್ಟೆಯ ಉಪ್ಪು ಬೆಳೆಯುವ ಈ ಸೀಮೆಯಲ್ಲಿ ಒಣಮೀನು, ಉಪ್ಪಿನಕಾಯಿ ಇಲ್ಲದೆ ಮಳೆಗಾಲ ಕಳೆಯುವುದು ಕಷ್ಟ. ಆದರೂ ದಿನಕ್ಕೆ 5 ಗ್ರಾಂ ಒಳಗಿನ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ವೈದ್ಯರು ಒಪ್ಪುವ ಮಿತಿ.

ಆಸ್ಪತ್ರೆಗಾಗಿ ಬೀದಿಗಿಳಿದ ಸಂಘಟನೆಗಳೇ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬೇಕು. ಪ್ರತಿ ಹಾಲಿನ ಸೊಸೈಟಿ, ಮೀನುಗಾರರ ಸಂಘ, ದೇವಸ್ಥಾನ, ಮಸೀದಿ, ಚರ್ಚಿನಲ್ಲಿ ಒಂದು ಬಿಪಿ ಯಂತ್ರ ಇರಲಿ. 30 ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ತೋಳು ಚಾಚಲಿ. 140/90 ಮೀರಿದ್ದರೆ ಇನ್ನೊಂದು ದಿನ ಮತ್ತೆ ನೋಡಿಸಿ ವೈದ್ಯರ ಬಳಿ ಹೋಗಲಿ. ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಮುಗಿದಿದ್ದರೆ ಪಂಚಾಯಿತಿ ಸಭೆಯಲ್ಲಿ ಅದೇ ಮೊದಲ ಪ್ರಶ್ನೆಯಾಗಲಿ. ಎದೆನೋವು ಕಂಡರೆ 108ಕ್ಕೆ ಕರೆ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತದೆ. ಅದು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ರಾತ್ರಿ ಎರಡು ಗಂಟೆಗೂ ಸಿಗುವಂತಿರಬೇಕು ಎಂಬುದು ಇಂದಿನ ಬೇಡಿಕೆ.