ಒಂದೇ ಅಂಕಿಯ ಹಿಂದೆ ಅಡಗಿದ ತಾಲ್ಲೂಕುಗಳು

ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯುವುದಕ್ಕೆಂದು ರಾಜ್ಯ ಸರ್ಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ.ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದಾಗ ಯಾವ ತಾಲ್ಲೂಕಿಗೆ ಎಷ್ಟು ಹಣ ಎಂಬ ಚರ್ಚೆಯೇ ಮುನ್ನೆಲೆಗೆ ಬಂದಿತು. ಆ ಹಣವನ್ನು ಯಾವ ಕೆಲಸಕ್ಕೆ ತೊಡಗಿಸಬೇಕೆಂದು ತೀರ್ಮಾನಿಸುವ ಅಧಿಕಾರಿಯ ಮೇಜಿನ ಮೇಲೆ ಎಂಥ ಮಾಹಿತಿ ಇರುತ್ತದೆ ಎಂದು ಕೇಳಿದವರು ವಿರಳ.

ಈ ಪ್ರಶ್ನೆಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಗಿಂತ ತಕ್ಕ ನಿದರ್ಶನ ಸಿಗಲಾರದು. ಇದು ಸುಣ್ಣದ ಕಲ್ಲಿನ ನೆಲ. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಕಾರ್ಖಾನೆಗಳಿವೆ. ಒಡೆತನ ಕೈ ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿವೆ.

ಈ ಕಾರ್ಖಾನೆಗಳ ವ್ಯವಸ್ಥಾಪಕರು ತೀರ್ಮಾನ ಕೈಗೊಳ್ಳುವ ಬಗೆಯನ್ನು ಗಮನಿಸಬೇಕು. ಗಣಿಯ ಒಂದು ಮಗ್ಗುಲಿನ ಕಲ್ಲು ಇನ್ನೊಂದು ಮಗ್ಗುಲಿನ ಕಲ್ಲಿನಂತಿರುವುದಿಲ್ಲ. ಆದ್ದರಿಂದ ಪುಡಿಮಾಡಿದ ಮಿಶ್ರಣದ ಮಾದರಿಯನ್ನು ಗಂಟೆ ಗಂಟೆಗೂ ಎಕ್ಸ್-ರೇ ಯಂತ್ರದಲ್ಲಿಟ್ಟು ಸುಣ್ಣ, ಸಿಲಿಕಾ, ಅಲ್ಯೂಮಿನಾ ಹಾಗೂ ಕಬ್ಬಿಣದ ಅಂಶಗಳನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಸುಣ್ಣದ ಅಂಶ ಇಳಿದರೆ ಉತ್ತಮ ದರ್ಜೆಯ ಕಲ್ಲಿನ ಪಾಲು ಏರುತ್ತದೆ. ಸುಮಾರು 1,450 ಡಿಗ್ರಿ ಶಾಖದ ಕುಲುಮೆಯಿಂದ ಹೊರಬಂದ ಕ್ಲಿಂಕರಿನಲ್ಲಿ ಬೆರೆಯದ ಸುಣ್ಣ ಹೆಚ್ಚಾಗಿ ಕಂಡರೆ ಇಂಧನವನ್ನೋ ಮಿಶ್ರಣವನ್ನೋ ಸರಿಪಡಿಸುತ್ತಾರೆ. ಅಲ್ಲಿ ಪ್ರತಿಯೊಂದು ಅಂಕಿಗೂ ಎದುರಾಗಿ ಒಂದು ಕ್ರಮವಿದೆ. ಪ್ರಯೋಗಾಲಯದವರು ಈ ಎಲ್ಲ ಅಂಕಿಗಳನ್ನು ಒಟ್ಟುಗೂಡಿಸಿ, ‘ಇಂದಿನ ಮಿಶ್ರಣದ ಗುಣ 0.7’ ಎಂದಷ್ಟೇ ಚೀಟಿ ಕಳುಹಿಸಿದರೆ ವ್ಯವಸ್ಥಾಪಕನು ಏನು ಮಾಡಿಯಾನು? ಏನೋ ಕೊರತೆಯಿದೆ ಎಂದು ತಿಳಿದೀತು, ಯಾವುದರ ಕೊರತೆ ಎಂದು ತಿಳಿಯದು.

ಕಾರ್ಖಾನೆಯ ಗೋಡೆಯಾಚೆಗಿನ ಸರ್ಕಾರಿ ಆಡಳಿತದ ಕೈಗೆ ಬಂದಿರುವುದು ಹೆಚ್ಚುಕಡಿಮೆ ಅಂಥದೇ ಚೀಟಿ. ಡಾ. ಡಿ.ಎಂ.ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯು ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ-ಆರೋಗ್ಯ ಮತ್ತು ಜನಸಂಖ್ಯೆಗೆ ಸಂಬಂಧಿಸಿದ 35 ಮಾನದಂಡಗಳನ್ನು ಒಂದೇ ಸೂಚ್ಯಂಕಕ್ಕೆ ಇಳಿಸಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ 39ರೊಳಗಿನವು.

ಈ ಸೂಚ್ಯಂಕದ ಉಪಕಾರವನ್ನು ಮರೆಯಲಾಗದು. ಅದುವರೆಗೆ ಭಾಷಣದ ವಸ್ತುವಾಗಿದ್ದ ಹಿಂದುಳಿದಿರುವಿಕೆಗೆ ಅದು ಲೆಕ್ಕದ ಆಧಾರ ಒದಗಿಸಿತು. ಸಂವಿಧಾನದ 371(ಜೆ) ವಿಧಿ ಜಾರಿಯಾದ ಬಳಿಕ ರೂಪುಗೊಂಡ ಪ್ರದೇಶಾಭಿವೃದ್ಧಿ ಮಂಡಳಿಯೂ ಹಣ ಹಂಚಿಕೆಗೆ ಅದನ್ನೇ ಆಧರಿಸಿತು. ಆದರೆ ಹಣ ಹಂಚುವುದಕ್ಕೆ ಹೊಂದುವ ಅಂಕಿಯು ಹಣ ಖರ್ಚು ಮಾಡುವುದಕ್ಕೂ ಹೊಂದುತ್ತದೆಂದು ಭಾವಿಸಿದ್ದೇ ತಪ್ಪಾಯಿತು. ವರದಿಯ ಒಳಪುಟಗಳಲ್ಲಿದ್ದ 35 ಅಂಕಿಗಳು ಮರೆಗೆ ಸರಿದು, ‘ಅತ್ಯಂತ ಹಿಂದುಳಿದ’ ಎಂಬ ಹಣೆಪಟ್ಟಿ ಮಾತ್ರ ಕಡತಗಳಲ್ಲಿ ಸುತ್ತಾಡಿತು. ಹಣೆಪಟ್ಟಿಯನ್ನು ನೋಡಿ ತೀರ್ಮಾನ ಮಾಡುವವರಿಗೆ ಸುಲಭವಾಗಿ ಹೊಳೆಯುವುದು ಕಾಂಕ್ರೀಟ್ ರಸ್ತೆ ಮತ್ತು ಸಮುದಾಯ ಭವನ.

ಸರಾಸರಿಯ ತೊಡಕು ಇನ್ನೂ ಒಂದಿದೆ. ಆ ವರದಿಯ ಕಾಲಕ್ಕೆ ವಾಡಿ ಮತ್ತು ಶಹಾಬಾದ್ ಎರಡೂ ಚಿತ್ತಾಪುರ ತಾಲ್ಲೂಕಿನಲ್ಲಿದ್ದವು. ರೈಲ್ವೆ ಜಂಕ್ಷನ್ ಮತ್ತು ಸಿಮೆಂಟ್ ಕಾರ್ಖಾನೆಯ ವಾಡಿ, ನೆಲಹಾಸು ಕಲ್ಲಿಗೆ ಹೆಸರಾದ ಶಹಾಬಾದ್, ಮಳೆಯನ್ನೇ ನಂಬಿ ತೊಗರಿ ಬೆಳೆಯುವ ಹಳ್ಳಿಗಳು, ಎಲ್ಲವೂ ಒಂದೇ ಅಂಕಿಯೊಳಗೆ ಕರಗಿದವು. 2018ರಲ್ಲಿ ಶಹಾಬಾದ್ ಪ್ರತ್ಯೇಕ ತಾಲ್ಲೂಕಾಯಿತು, ಕಾಳಗಿಯೂ ಆಯಿತು. ಕಚೇರಿಗೆ ಹೊಸ ಫಲಕ ಬಂದಿತು, ಆದರೆ 2002ರ ಪಟ್ಟಿಯಲ್ಲಿ ಈ ಹೆಸರುಗಳೇ ಇಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟದ್ದು ಕತ್ತಲೆಯನ್ನು ಇನ್ನಷ್ಟು ದಟ್ಟವಾಗಿಸಿತು.

ಕೆಳಹಂತದ ಮಾಹಿತಿ ಸಂಗ್ರಹಿಸಲು ಸಾಧ್ಯವೇ ಇಲ್ಲವೆಂಬ ವಾದ ನಿಲ್ಲುವುದಿಲ್ಲ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕವಾಗಿಸಿ, ಬೆಳೆ ಕಟಾವು ಪ್ರಯೋಗದ ಮೂಲಕ ಇಳುವರಿ ಲೆಕ್ಕ ಹಾಕುತ್ತದೆ. ವಿಮೆಯ ಹಣಕ್ಕಾಗಿ ಪಂಚಾಯಿತಿವಾರು ಅಂಕಿ ತೆಗೆಯಬಲ್ಲ ಆಡಳಿತವು ಕುಡಿಯುವ ನೀರಿಗೆ, ವೈದ್ಯರ ಹಾಜರಿಗೆ ಏಕೆ ತೆಗೆಯಲಾರದು? ಅಂಕಿ ಸಕಾಲಕ್ಕೆ ಬರಬೇಕೆಂಬುದು ಬೇರೆ ಮಾತು. 2022ರಲ್ಲಿ ನೆಟೆರೋಗದಿಂದ ಈ ಭಾಗದ ತೊಗರಿ ಹೊಲದಲ್ಲೇ ಒಣಗಿತು. ಬೆಳೆ ಹೋದ ಮೇಲೆ ಲೆಕ್ಕಕ್ಕೆ ಸಿಕ್ಕ ಹಾನಿಯಿಂದ ಪರಿಹಾರ ಕೊಡಬಹುದು, ಬೆಳೆ ಉಳಿಸಲಾಗದು.

ಚಿಂಚೋಳಿಯ ತಾಂಡಾಗಳ ವಿಷಯದಲ್ಲಿ ಕಾಲದ ಈ ಪ್ರಶ್ನೆ ಇನ್ನೂ ಕಠಿಣ. ಮಳೆಗಾಲ ಕಳೆದ ಮೇಲೆ ಅಲ್ಲಿನ ಲಂಬಾಣಿ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಮೆಗೆ ಹೊರಡುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಜೂನ್ ತಿಂಗಳ ದಾಖಲಾತಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿರುತ್ತದೆ. ವರ್ಷಕ್ಕೊಮ್ಮೆ ತೆಗೆದ ಅಂಕಿಯಲ್ಲಿ ಶಾಲೆ ತುಂಬಿಯೇ ಕಾಣುತ್ತದೆ. ಯಾವ ತಾಂಡಾದಲ್ಲಿ ಹಂಗಾಮಿ ವಸತಿ ವ್ಯವಸ್ಥೆ ತೆರೆಯಬೇಕೆಂಬ ತೀರ್ಮಾನಕ್ಕೆ ಬೇಕಾದದ್ದು ತಿಂಗಳುವಾರು ಹಾಜರಿ. ಅದು ಶಿಕ್ಷಕರ ಬಳಿ ಇದೆ. ಅದು ತಾಲ್ಲೂಕು ಕಚೇರಿಯನ್ನು ಮುಟ್ಟಿ ಆದೇಶವಾಗಿ ಮರಳಬೇಕಾದದ್ದು ಕುಟುಂಬಗಳು ಗಂಟುಮೂಟೆ ಕಟ್ಟುವ ಮೊದಲು.