ಬೊಕ್ಕಸಕ್ಕೆ ಭಾರವಾದವರು ಯಾರು?

ದೇಶದಲ್ಲಿ ಮುದುಕರ ಸಂಖ್ಯೆ ಬೆಳೆಯುತ್ತಿದೆ, ಈ ಭಾರವನ್ನು ಸರ್ಕಾರದ ಬೊಕ್ಕಸ ಹೊರಲಾರದು ಎಂಬ ರಾಗವನ್ನು ಅರ್ಥಪಂಡಿತರು ಎಳೆಯತೊಡಗಿದ್ದಾರೆ. ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ನೂರಕ್ಕೆ 8.6 ಮಂದಿ, 2036ಕ್ಕೆ ಅದು ಸುಮಾರು 15 ಆಗುವುದೆಂದು ಸರ್ಕಾರದ ತಜ್ಞರ ತಂಡವೇ ಅಂದಾಜು ಮಾಡಿದೆ. ಆದರೆ ಈ ಮುದುಕರಿಗೆ ಇದುವರೆಗೆ ಕೊಟ್ಟದ್ದಾದರೂ ಎಷ್ಟು?

ಬಡ ವೃದ್ಧರ ಮಾಸಾಶನಕ್ಕೆ ಕೇಂದ್ರ ಸರ್ಕಾರ 2007ರಲ್ಲಿ ಕೊಡುತ್ತಿದ್ದುದು ತಿಂಗಳಿಗೆ 200 ರೂಪಾಯಿ. ಹದಿನೇಳು ವರ್ಷ ಕಳೆದರೂ ಅದು 200 ರೂಪಾಯಿಯೇ. ಎಂಬತ್ತು ದಾಟಿ ಬದುಕಿದವರಿಗೆ ಮಾತ್ರ 500. ಉಳಿದದ್ದನ್ನು ರಾಜ್ಯಗಳ ತಲೆಗೆ ಕಟ್ಟಿದ್ದಾರೆ. ಕರ್ನಾಟಕ 2021ರಲ್ಲಿ ಸಂಧ್ಯಾ ಸುರಕ್ಷಾ ಮಾಸಾಶನವನ್ನು 1,200ಕ್ಕೆ ಏರಿಸಿತು. ದಿನಕ್ಕೆ 40 ರೂಪಾಯಿ!

ಗಿರಣಿ ಕಾರ್ಮಿಕರ ಕಥೆ ಇನ್ನೂ ಕಟುವಾದುದು. ಇವರ ಪಿಂಚಣಿ ಧರ್ಮದ ಗಂಜಿಯಲ್ಲ. ಕೂಲಿಯ ಲೆಕ್ಕದಲ್ಲಿ ನೂರಕ್ಕೆ 8.33ರಂತೆ ಮಾಲೀಕರ ಪಾಲಿನಿಂದ ತಿಂಗಳು ತಿಂಗಳೂ ನಿಧಿಗೆ ಹೋಗುವ ಹಣ; ಸರ್ಕಾರ ಸೇರಿಸುವುದು 1.16 ಮಾತ್ರ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಗೊತ್ತುಮಾಡಿದರು. ಹತ್ತು ವರ್ಷವಾದರೂ ಅದು ಕದಲಲಿಲ್ಲ. ಅಕ್ಕಿ, ಎಣ್ಣೆ, ಔಷಧಿಯ ಬೆಲೆ ಏರಿದರೆ ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ.

ಬೆಲೆ ಏರಿಕೆ ಸರ್ಕಾರದ ಕಣ್ಣಿಗೆ ಬಿದ್ದೇ ಇಲ್ಲವೇ? ಬಿದ್ದಿದೆ. ಮಾಜಿ ಸಂಸತ್ ಸದಸ್ಯರ ಪಿಂಚಣಿಯನ್ನು ಅದೇ ಕಾರಣ ಕೊಟ್ಟು 2025ರ ಮಾರ್ಚಿನಲ್ಲಿ 25,000ದಿಂದ 31,000ಕ್ಕೆ ಏರಿಸಿದರು, ಅದೂ 2023ರ ಏಪ್ರಿಲಿನಿಂದ ಪೂರ್ವಾನ್ವಯವಾಗಿ. ಅಲ್ಲಿ ಐದು ವರ್ಷ ಪೂರ್ತಿ ಕೂತಿರಬೇಕೆಂಬ ಕಟ್ಟಳೆಯೂ ಇಲ್ಲ.

ಚಿಲ್ಲರೆ ಅಂಗಡಿಕಾರರ ಪಾಡು ಬೇರೆಯಲ್ಲ. 2019ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಒಂದು ಯೋಜನೆ ಬಂತು: ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರ ಅಷ್ಟೇ ಸೇರಿಸಿ, ಅರವತ್ತಾದ ಮೇಲೆ 3,000 ಕೊಡುವುದು. ಸೇರಲು ವಯಸ್ಸು 18ರಿಂದ 40. ಇಪ್ಪತ್ತೈದು ವರ್ಷ ತಕ್ಕಡಿ ಹಿಡಿದು, ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಿದ ಐವತ್ತರ ಅಂಗಡಿಕಾರನಿಗೆ ಬಾಗಿಲು ಮುಚ್ಚಿತು. ಅಂದು ಹದಿನೆಂಟಾಗಿದ್ದ ಹುಡುಗನ ಕೈಗೆ ಈ 3,000 ಬರುವುದು 2061ರಲ್ಲಿ. ಆಗ ಅದಕ್ಕೆ ಎಷ್ಟು ಸೇರು ಅಕ್ಕಿ ಬಂದೀತೆಂದು ಪಂಡಿತರೇ ಹೇಳಲಿ.

ಬೊಕ್ಕಸ ಬರಿದಾಗಿದ್ದರೆ ಬರಿದು ಮಾಡಿದವರು ಮುದುಕರಲ್ಲ. 2019ರ ಸೆಪ್ಟೆಂಬರ್ 20ರಂದು ಕಂಪನಿಗಳ ಆದಾಯ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಹೇಳಿದ್ದು ಸರ್ಕಾರವೇ. ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರಿಗೂ ಸೇರಿ 2024-25ರ ಮುಂಗಡಪತ್ರದಲ್ಲಿ ಕೇಂದ್ರ ಇಟ್ಟ ಸಾಮಾಜಿಕ ನೆರವಿನ ಹಣ 9,652 ಕೋಟಿ. ಬಿಟ್ಟುಕೊಟ್ಟದ್ದು ಇದರ ಹದಿನೈದು ಪಟ್ಟು! ಅಂದು ಯಾವ ಪಂಡಿತನೂ ಭಾರವೆಂದು ನಿಟ್ಟುಸಿರು ಬಿಡಲಿಲ್ಲ.

ಕಾರ್ಮಿಕರ ಪಿಂಚಣಿಗೆ ತುಟ್ಟಿಭತ್ಯೆ ಸೇರಬೇಕು. ವೃದ್ಧಾಪ್ಯ ಮಾಸಾಶನ ಕನಿಷ್ಠ ಕೂಲಿಯ ಅರ್ಧಕ್ಕಿಂತ ಕಡಿಮೆಯಾಗಕೂಡದು. ನಲವತ್ತು ದಾಟಿದ ವ್ಯಾಪಾರಿಗೂ ಅದು ಸಲ್ಲಬೇಕು. ಇದಕ್ಕೆ ಬೇಕಾದ ಹಣವನ್ನು ಕಂಪನಿಗಳಿಗೆ ಬಿಟ್ಟ ತೆರಿಗೆಯಿಂದಲೇ ವಸೂಲು ಮಾಡಬೇಕೆಂದು ನಾವು ಕೇಳುತ್ತೇವೆ.